ಮಾಂತ್ರಿಕರ ಕಥೆ ಅಂದರೆ ಯಾಕಿಷ್ಟು ತಾತ್ಸಾರ?

ಭೂತ, ಮಾಂತ್ರಿಕರ ಕಥೆ ಓದಿದರೆ ಮಕ್ಕಳು ಕೆಡುತ್ತಾರಂತೆ! ಹೀಗೆನ್ನುವ ಹಿರಿಯರೇ, ಇಂಗ್ಲೆಂಡಿನ ಟೆರ್ರಿ ಪ್ರಾಚೆಟ್ ಬಗ್ಗೆ ಸ್ವಲ್ಪ ತಿಳಿಯಿರಿ. 1948ರಲ್ಲಿ ಹುಟ್ಟಿದ ಅವರಿಗೆ ನಿಜವಾದ ಶಾಲೆ ಎಂದರೆ ಊರಿನ ಗ್ರಂಥಾಲಯವೇ. 17ಕ್ಕೆ ಓದು ಬಿಟ್ಟು ಪತ್ರಿಕೆ ಸೇರಿದರು, ಮುಂದೆ ವಿದ್ಯುತ್ ಮಂಡಳಿಯಲ್ಲಿ ನೌಕರಿ. 1983ರಲ್ಲಿ ಶುರುವಾದ ಅವರ ‘ಡಿಸ್ಕ್‌ವರ್ಲ್ಡ್’ ಸರಣಿ 41 ಕಾದಂಬರಿಗಳಾಯಿತು. ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಲೋಕ (ನಮ್ಮ ಅಜ್ಜಿಯರಿಗೆ ಇದೇನು ಹೊಸತೇ?). ಆದರೆ ಆ ಲೋಕದಲ್ಲಿರುವುದು ಬ್ಯಾಂಕು, ಅಂಚೆ ಕಚೇರಿ, ಪೊಲೀಸು, ಅಧಿಕಾರದ ದರ್ಪ... ಎಲ್ಲ ನಮ್ಮದೇ ಬದುಕು, ನಗಿಸುತ್ತಲೇ ಚುಚ್ಚುವಂಥದ್ದು. 2007ರಲ್ಲಿ ಆಲ್ಝೈಮರ್ ಕಾಯಿಲೆ ಪತ್ತೆಯಾಯಿತು. ಟೈಪ್ ಮಾಡಲಾಗದಾಗ ಬಾಯಲ್ಲಿ ಹೇಳಿ ಬರೆಸಿದರು. 2015ರಲ್ಲಿ ತೀರಿಕೊಂಡರು. ಇದನ್ನು ಹುಡುಗಾಟ ಎನ್ನುತ್ತೀರಾ? ಶಾಲೆಯ ಪುಸ್ತಕದ ಬೀರುವಿನ ಬೀಗದ ಕೈ ಕೊಡಿ ಸ್ವಾಮಿ, ಮಕ್ಕಳು ಕಾಯುತ್ತಿದ್ದಾರೆ.