ನೌಕರಿಗೆ ಹೋಗುವ ಮಗಳ ಕೈಯಲ್ಲಿ ಒಂದು ಪತ್ರ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಶಿಕ್ಷಕಿಯರೂ ನರ್ಸುಗಳೂ ಬ್ಯಾಂಕಿನ ನೌಕರರೂ ಆಗಿರುವರು. ಕೆಲವರು ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿಯೂ ಇರುವರು. ಅವರ ಪದವಿಗಳನ್ನೂ ಬಹುಮಾನಗಳನ್ನೂ ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವವರು ಬೇರೆ ಇದ್ದಾರೆ. ನಾವು ಬರೆಯಬೇಕೆಂದಿರುವದು ಯಾರೂ ಲೆಕ್ಕವಿಡದ ಒಂದು ವಿಷಯ. ನೌಕರಿಯ ಆದೇಶ ಕೈಗೆ ಬಂದು ಪರಸ್ಥಳಕ್ಕೆ ಹೋದ ಹುಡುಗಿಯು ಮೊದಲನೆಯ ಆದಿತ್ಯವಾರ ಎಲ್ಲಿಗೆ ಹೋಗುತ್ತಾಳೆ? ಆರು ತಿಂಗಳಾದ ಬಳಿಕ ಎಲ್ಲಿಗೆ ಹೋಗುತ್ತಾಳೆ?

ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಬಂದು ನಮ್ಮನ್ನು ಕಾಣುವ ಹಳೆಯ ವಿದ್ಯಾರ್ಥಿನಿಯರನ್ನು ನಾವು ತಪ್ಪದೆ ಕೇಳುವ ಪ್ರಶ್ನೆಯಿದು. "ಆದಿತ್ಯವಾರನೂ ಡ್ಯೂಟಿ ಇರ್ತದರೀ ಅಕ್ಕೋರೇ" ಎಂದು ಒಬ್ಬಳು ಹೇಳುತ್ತಾಳೆ. "ಅಲ್ಲಿ ನಮ್ಮ ಸಭಾ ಇಲ್ಲರೀ" ಎಂದು ಇನ್ನೊಬ್ಬಳು. ಮೊದಲನೆಯ ಉತ್ತರಕ್ಕೆ ನಾವು ಸುಮ್ಮನಾಗುತ್ತೇವೆ. ರೋಗಿಯ ಹಾಸಿಗೆಯ ಬಳಿ ನಿಂತವಳನ್ನು ಆಕ್ಷೇಪಿಸುವದು ನ್ಯಾಯವಲ್ಲ. ಎರಡನೆಯ ಉತ್ತರವು ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ. ಯಾಕಂದರೆ ವಿಚಾರಿಸಿ ನೋಡಿದರೆ ಆ ಊರಲ್ಲಿ ದೇವಾಲಯವಿರುತ್ತದೆ, ಕನ್ನಡದಲ್ಲಿಯೇ ಆರಾಧನೆ ನಡೆಯುತ್ತದೆ. ಅದು ಮೆಥೋಡಿಸ್ಟ್ ಸಭೆಯಲ್ಲವೆಂಬುವದಷ್ಟೇ ಅವಳ ಮಾತಿನ ಅರ್ಥವಾಗಿರುತ್ತದೆ. ನಮ್ಮ ಸಭೆ ಬಿಟ್ಟು ಬೇರೆ ಕಡೆಗೆ ಹೋಗಬೇಡವೆಂದು ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ. ತಮ್ಮ ಸಭೆ ಆ ಊರಲ್ಲಿ ಇಲ್ಲ, ಇರುವ ಸಭೆಗೆ ಅವಳು ಹೋಗಲೊಲ್ಲಳು. ಹೀಗೆ ಎಲ್ಲಿಗೂ ಹೋಗದೆ ಬಾಡಿಗೆಯ ಕೋಣೆಯಲ್ಲಿ ಬಟ್ಟೆ ಒಗೆಯುತ್ತ ಆದಿತ್ಯವಾರವನ್ನು ಕಳೆಯುತ್ತಾಳೆ. ಇದರಲ್ಲಿ ಹುಡುಗಿಯ ಆಲಸ್ಯಕ್ಕಿಂತ ಅವಳನ್ನು ಕಳಿಸಿಕೊಟ್ಟ ರೀತಿಯ ಕೊರತೆಯೇ ಹೆಚ್ಚೆಂದು ನಮ್ಮ ಅಭಿಪ್ರಾಯ.

"ನಮ್ಮ ಸಭೆ" ಎಂಬುವದು ಹೇಗೆ ಉಂಟಾಯಿತೆಂಬುವದನ್ನು ತಾಯಿತಂದೆಗಳು ಸ್ವಲ್ಪ ಆಲೋಚಿಸಬೇಕು. ಹಿಂದಿನ ಕಾಲದ ಮಿಷನ್ನುಗಳು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂದು ಸೀಮೆಗಳನ್ನು ತಮ್ಮೊಳಗೆ ಹಂಚಿಕೊಂಡಿದ್ದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಸಿದರು. ಬಳ್ಳಾರಿ ಲಂಡನ್ ಮಿಷನ್ನಿನವರದಾಯಿತು. ಮೈಸೂರು ಸಂಸ್ಥಾನದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ಬಲವಾದರು. ನಿಜಾಮ ಸರಕಾರಕ್ಕೆ ಒಳಪಟ್ಟಿದ್ದ ನಮ್ಮ ಸೀಮೆಗೆ ಅಮೆರಿಕದ ಮೆಥೋಡಿಸ್ಟರು ಬಂದರು. ಯಾದಗಿರಿಯಲ್ಲಿ ಹುಟ್ಟಿದ ಅಜ್ಜ ಮೆಥೋಡಿಸ್ಟನಾದನು. ಅದೇ ಅಜ್ಜನು ಗದಗಿನಲ್ಲಿ ಹುಟ್ಟಿದ್ದರೆ ಬಾಸೆಲ್ ಮಿಷನ್ನಿನವನಾಗುತ್ತಿದ್ದನು. ಸಿದ್ಧಾಂತಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ಸಭೆಯನ್ನು ಆರಿಸಿಕೊಂಡವರು ನಮ್ಮ ಹಿರಿಯರಲ್ಲಿ ಬಹಳ ವಿರಳ.

1947ನೆಯ ಇಸವಿ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು, ಅಂದರೆ ಜನರು ಸಿ.ಎಸ್.ಐ. ಎನ್ನುವ ಸಭೆಯು, ಸ್ಥಾಪಿತವಾಯಿತು. ಆಂಗ್ಲಿಕನ್ನರೂ ವೆಸ್ಲಿಯನ್ನರೂ ಲಂಡನ್ ಮಿಷನ್ನಿನಿಂದ ಹುಟ್ಟಿದ ಸಭೆಗಳವರೂ ಅದರಲ್ಲಿ ಕೂಡಿದರು; ಬಾಸೆಲ್ ಮಿಷನ್ನಿನ ಕನ್ನಡ ಸಭೆಗಳೂ ಮುಂದೆ ಅದರೊಳಗೆ ಬಂದವು. ಅಮೆರಿಕನ್ ಮೆಥೋಡಿಸ್ಟ್ ಸಭೆಯು ಆ ಐಕ್ಯದಲ್ಲಿ ಸೇರಲಿಲ್ಲ. ಅದು 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ಹೀಗಾಗಿ ನಿಜಾಮ ಸೀಮೆಯ ಗಡಿಯು 1956ನೆಯ ನವೆಂಬರಿನಲ್ಲಿ ನಕಾಶೆಯಿಂದ ಅಳಿದುಹೋದರೂ ಸಭೆಗಳ ನಡುವಿನ ಗಡಿ ಹಾಗೆಯೇ ಉಳಿಯಿತು. ನೌಕರಿಗೆ ಹೋಗುವ ನಮ್ಮ ಹುಡುಗಿಯರು ದಾಟಬೇಕಾಗಿರುವದು ಈ ಗಡಿಯನ್ನೇ.

ಈ ದಾಟುವಿಕೆಯು ಕಡಿಮೆಯಾಗುವ ಲಕ್ಷಣವಿಲ್ಲ. ಸಂವಿಧಾನದ 371-ಜೆ ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ಸರಕಾರಿ ನೌಕರಿಗಳಲ್ಲಿ ನಮ್ಮ ಭಾಗದವರಿಗೆ ಮೀಸಲು ದೊರೆತು, ಯಾದಗಿರಿಯ ಹುಡುಗಿ ಕೊಪ್ಪಳಕ್ಕೋ ಬಳ್ಳಾರಿಗೋ ಶಿಕ್ಷಕಿಯಾಗಿ ಹೋಗುವದು ಸಾಮಾನ್ಯವಾಗಿದೆ. ಬೆಂಗಳೂರಿಗಂತೂ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು.

ಬೆಂಗಳೂರಿನ ಮಾತು ಬಂದದ್ದರಿಂದ ಹೇಳುತ್ತೇವೆ. ಅಲ್ಲಿನ ಹಡ್ಸನ್ ಸ್ಮಾರಕ ದೇವಾಲಯದಲ್ಲಿ ಕನ್ನಡ ಸಭೆಯಿದೆ. 1904ರಲ್ಲಿ ಕಟ್ಟಿದ ಆ ದೇವಾಲಯವು ಇಂದು ಸಿ.ಎಸ್.ಐ.ಗೆ ಸೇರಿದ್ದು. ಆದರೆ ಹಡ್ಸನ್ ಅವರು ಯಾರು? ವೆಸ್ಲಿಯನ್ ಮಿಷನರಿ. ವೆಸ್ಲಿಯನ್ನರೆಂದರೆ ಇಂಗ್ಲೆಂಡಿನ ಮೆಥೋಡಿಸ್ಟರು. ಆದಕಾರಣ ನಮ್ಮ ಹುಡುಗಿ ಅಲ್ಲಿಗೆ ಹೋದರೆ ಪರರ ಮನೆಗೆ ಹೋದಂತಾಗುವದಿಲ್ಲ, ದೊಡ್ಡಪ್ಪನ ಮನೆಗೆ ಹೋದಂತಾಗುವದು. ಇನ್ನೂ ಹಿಂದಕ್ಕೆ ಹೋಗುವದಾದರೆ, ಮೆಥೋಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು 1791ರಲ್ಲಿ ತೀರಿಕೊಳ್ಳುವವರೆಗೂ ಆಂಗ್ಲಿಕನ್ ಸಭೆಯ ಪಾದ್ರಿಯಾಗಿಯೇ ಇದ್ದರು. ಮೂಲಪುರುಷರು ಬಿಡದ ಸಭೆಯ ಬಾಗಿಲನ್ನು ಮೊಮ್ಮಕ್ಕಳು ತುಳಿಯಬಾರದೆಂಬುವದು ವಿಚಿತ್ರ ಹಟವಲ್ಲವೇ?

ಆದರೂ ತಾಯಿತಂದೆಗಳ ಭಯವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಮಗಳ ಹೆಸರು ಊರ ಸಭೆಯ ಯಾದಿಯಿಂದ ಹೋಗಿಬಿಟ್ಟರೆ ನಾಳೆ ಅವಳ ಮದುವೆಯ ಪ್ರಕಟಣೆಯನ್ನು ಎಲ್ಲಿ ಓದಬೇಕು? ಸಭಾಪಾಲಕರು ಅವಳನ್ನು ತಮ್ಮವಳೆಂದು ಒಪ್ಪುವರೋ? ಈ ಪ್ರಶ್ನೆಗಳಿಗೆ ಹಳೆಯ ಕಾಲದಿಂದಲೂ ಒಂದು ಉಪಾಯವಿದ್ದೇ ಇದೆ. ಅದನ್ನು ಉಪಯೋಗಿಸುವವರು ಕಡಿಮೆಯಾಗಿದ್ದಾರೆ. ಅದು ಸಭಾಪಾಲಕರ ಪತ್ರ. ಈ ಹುಡುಗಿ ನಮ್ಮ ಸಭೆಯವಳು, ಇಂಥ ವರ್ಷ ದೀಕ್ಷಾಸ್ನಾನವಾಯಿತು, ಕರ್ತನ ಭೋಜನಕ್ಕೆ ಸೇರಿದವಳು, ನೌಕರಿಯ ನಿಮಿತ್ತ ತಮ್ಮ ಊರಿಗೆ ಬರುತ್ತಾಳೆ, ವಿಚಾರಿಸಿಕೊಳ್ಳಿರಿ ಎಂದು ನಾಲ್ಕು ಸಾಲು ಬರೆದು ಮುದ್ರೆ ಹಾಕಿದರೆ ಸಾಕು. ಸದಸ್ಯತ್ವವನ್ನು ಪೂರ್ಣವಾಗಿ ವರ್ಗಾಯಿಸಲೇಬೇಕೆಂದಿಲ್ಲ. ಅದು ಅವಳು ಅಲ್ಲಿ ನೆಲೆ ನಿಂತ ಮೇಲೆ ಆಲೋಚಿಸತಕ್ಕ ಮಾತು. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಕೆಂಖ್ರೆಯ ಸಭೆಯ ಫೊಯಿಬೆ ಎಂಬ ಸಹೋದರಿಯು ಪರಸ್ಥಳಕ್ಕೆ ಹೊರಟಾಗ ಅವಳನ್ನು ಬರಮಾಡಿಕೊಳ್ಳಬೇಕೆಂದು ಅಪೊಸ್ತಲನೇ ಬರೆದಿದ್ದಾನೆ. ಅಂಥ ಕೆಲಸವು ಇಂದಿನ ಸಭಾಪಾಲಕರಿಗೆ ಸಣ್ಣದಾಗಿ ಕಾಣಬಾರದು. ಹಾಸ್ಟೆಲಿನ ಮುಂಗಡ ಹಣವನ್ನೂ ಹೊಸ ಟ್ರಂಕನ್ನೂ ಮರೆಯದ ತಂದೆಯು ಈ ಪತ್ರವನ್ನೂ ಕೇಳಿ ಪಡೆಯಲಿ.

ಕಥೋಲಿಕ ಮನೆಗಳಿಂದ ಬಂದ ನಮ್ಮ ವಿದ್ಯಾರ್ಥಿನಿಯರಿಗೆ ಈ ತೊಡಕು ಕಡಿಮೆ. ಅವರಲ್ಲಿ ವಾಸಸ್ಥಳವೇ ಧರ್ಮಕೇಂದ್ರವನ್ನು ಗೊತ್ತುಮಾಡುತ್ತದೆ. ಎಲ್ಲಿ ಮನೆ ಮಾಡಿದರೋ ಅಲ್ಲಿಯ ಗುರುಗಳು ಅವರ ಗುರುಗಳು. ಈ ಒಂದು ವಿಷಯದಲ್ಲಿ ಅವರ ಏರ್ಪಾಡು ನಮ್ಮದಕ್ಕಿಂತ ಮೇಲೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಇಷ್ಟು ಹೊರಗೆ ಹೋಗುವವರ ಮಾತಾಯಿತು. ನಮ್ಮಲ್ಲಿಗೆ ಬರುವವರ ಗತಿಯೇನು? ಧಾರವಾಡದ ಕಡೆಯಿಂದಲೋ ಕರಾವಳಿಯಿಂದಲೋ ಬ್ಯಾಂಕಿಗೆ, ಆಸ್ಪತ್ರೆಗೆ, ಶಾಲೆಗೆ ಮೊದಲನೆಯ ನೌಕರಿಗೆಂದು ಶಹಾಪುರ, ಸುರಪುರಗಳಿಗೆ ಬರುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ನಮ್ಮ ಬಿಸಿಲು ಹೊಸದು, ನಮ್ಮ ಮಾತಿನ ಧಾಟಿ ಹೊಸದು. ಆ ಎರಡು ಊರಿಗೂ ರೈಲಿಲ್ಲದ್ದರಿಂದ ವಾರಕ್ಕೊಮ್ಮೆ ಮನೆಗೆ ಹೋಗಿಬರುವದೂ ಸಾಧ್ಯವಿಲ್ಲ. ಸುರಪುರದಲ್ಲಿ ಮೆಡೋಸ್ ಟೇಲರ್ ಸಾಹೇಬರ ಬಂಗಲೆ ಎಲ್ಲಿದೆಯೆಂದು ಕೇಳಿದರೆ ದಾರಿ ತೋರಿಸಲು ಹತ್ತು ಜನ ಮುಂದೆ ಬರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಒಬ್ಬಳೇ ನಿಂತ ಹೊಸ ಶಿಕ್ಷಕಿಯ ಹತ್ತಿರ ಒಬ್ಬ ತಾಯಿಯಾದರೂ ಹೋಗಿ "ಯಾವ ಊರವ್ವಾ, ಊಟಕ್ಕೆ ಏನು ಮಾಡ್ಕೊಂಡೀ" ಎಂದು ಕೇಳುವರೇ? ಕೇಳುವರು, ಆದರೆ ಮೊದಲು ಅವಳ ಮನೆತನವನ್ನೂ ಮಿಷನ್ನನ್ನೂ ವಿಚಾರಿಸಿ, ನಂಟು ಸಿಕ್ಕರೆ ಮಾತ್ರ ಊಟದ ಮಾತಿಗೆ ಬರುವರು. ಈ ಕ್ರಮವನ್ನು ತಿರುವಿ ಹಾಕಿದರೆ ಒಳ್ಳೆಯದು.

ವೆಸ್ಲಿಯವರ ಕಾಲದ ಒಂದು ಏರ್ಪಾಡು ಇಲ್ಲಿ ನೆನಪಿಗೆ ಬರುತ್ತದೆ. 1742ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸುವದಕ್ಕಾಗಿ ಸಭೆಯವರನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬ ನಾಯಕನನ್ನಿಟ್ಟು, ವಾರಕ್ಕೆ ಒಂದು ಪೆನ್ನಿಯಂತೆ ಕೂಡಿಸಲು ತೊಡಗಿದರು. ಪೆನ್ನಿಗಾಗಿ ಮನೆಮನೆಗೆ ಹೋದ ನಾಯಕರಿಗೆ ಯಾರು ಕಾಯಿಲೆಯಲ್ಲಿದ್ದಾರೆ, ಯಾರು ಒಂಟಿಯಾಗಿದ್ದಾರೆ ಎಂಬುವದು ತಿಳಿಯತೊಡಗಿತು; ಸಾಲದ ಲೆಕ್ಕವು ಜನರ ಯೋಗಕ್ಷೇಮದ ಲೆಕ್ಕವಾಯಿತು. ಕಾಣಿಕೆ ಎತ್ತುವದರಲ್ಲಿ ನಮ್ಮ ಸಭೆಗಳು ಇಂದಿಗೂ ಹಿಂದೆ ಬಿದ್ದಿಲ್ಲ. ಅದರ ಎರಡನೆಯ ಭಾಗವು ಮಾತ್ರ ಸಡಿಲಾಗಿದೆ.

ಆ ಸಡಿಲಾದ ಸ್ಥಳದಲ್ಲಿಯೇ ದೊಡ್ಡ ಊರುಗಳ ಹೊಸ ಪ್ರಾರ್ಥನಾ ಕೂಟಗಳು ಬೆಳೆದಿವೆ. ಕೆಲವು ತಾಯಿತಂದೆಗಳು ಅವುಗಳ ಹೆಸರೆತ್ತಿದರೆ ಸಿಟ್ಟಾಗುತ್ತಾರೆ. ಆದರೆ ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿ ಹೇಳಿದ್ದನ್ನು ಕೇಳಿರಿ: ಹಳೆಯ ದೊಡ್ಡ ದೇವಾಲಯವೊಂದಕ್ಕೆ ಅವಳು ಎಂಟು ವಾರ ಹೋದರೂ ಯಾರೂ ಹೆಸರು ಕೇಳಲಿಲ್ಲವಂತೆ, ಬಾಡಿಗೆಯ ಸಭಾಗೃಹದಲ್ಲಿ ಕೂಡುವ ಕೂಟಕ್ಕೆ ಹೋದ ದಿನವೇ ಇಬ್ಬರು ಅಕ್ಕಂದಿರು ಹಾಸ್ಟೆಲಿನವರೆಗೆ ಬಿಟ್ಟು ಹೋದರಂತೆ. ಅಂಥ ಕಡೆ ಉಪದೇಶ ಹೇಗಿದೆ, ಹಣದ ಲೆಕ್ಕ ಯಾರ ಮುಂದೆ ಇಡುತ್ತಾರೆ, ಮನೆಯವರೊಡನೆ ಮಾತು ಬಿಡಬೇಕೆಂದು ಹೇಳುತ್ತಾರೋ ಎಂಬ ಮೂರು ಸಂಗತಿಗಳನ್ನು ಹುಡುಗಿಯು ನೋಡಿಕೊಳ್ಳಲೇಬೇಕು. ಮೂರನೆಯದು ಕಂಡುಬಂದರೆ ಅಂದೇ ಹೊರಟುಬರಬೇಕು. ಆದರೆ ಹಾಸ್ಟೆಲಿನವರೆಗೆ ಬಿಟ್ಟು ಹೋದ ಅಕ್ಕಂದಿರನ್ನು ನಾವು ನಿಂದಿಸಲಾರೆವು.

ಹೋಗುವ ಹುಡುಗಿಯರಿಗೂ ಒಂದೆರಡು ಮಾತು. ಹತ್ತು ದೇವಾಲಯಗಳನ್ನು ಸುತ್ತಿ, ಪ್ರಸಂಗ ಎಲ್ಲಿ ಚೆನ್ನ, ಸಂಗೀತ ಎಲ್ಲಿ ಚೆನ್ನ ಎಂದು ನೋಡುತ್ತ ವರ್ಷ ಕಳೆಯಬೇಡಿರಿ. ನಡೆದು ಹೋಗುವಷ್ಟು ಹತ್ತಿರ, ನಿಮಗೆ ತಿಳಿಯುವ ಭಾಷೆ, ಇವೆರಡಿದ್ದರೆ ಅಲ್ಲಿಯೇ ನಿಲ್ಲಿರಿ. ಹಿಂದಿನ ಬೆಂಚಿನಲ್ಲಿ ಕುಳಿತು ಕಡೆಯ ಗೀತದ ಹೊತ್ತಿಗೆ ಎದ್ದು ಹೋಗುವವಳನ್ನು ಯಾರೂ ಗುರುತಿಸಲಾರರು. ಒಂದು ಕೆಲಸ ಕೇಳಿ ತೆಗೆದುಕೊಳ್ಳಿರಿ. ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ಕಲಿಸುವವರು ಸಿಕ್ಕುವದು ಎಲ್ಲೆಲ್ಲಿಯೂ ಕಷ್ಟ. ನಮ್ಮಲ್ಲಿ ಕಲಿತವರಿಗೆ ಅದು ಬಾರದ ವಿದ್ಯೆಯಲ್ಲ. ಆದಿತ್ಯವಾರ ಡ್ಯೂಟಿಯಿರುವ ನರ್ಸುಗಳು ವಾರದ ನಡುವಿನ ಪ್ರಾರ್ಥನಾ ಕೂಟವನ್ನು ವಿಚಾರಿಸಬೇಕು. ಬೆಂಗಳೂರಿಗೆ ಹೋಗುವವರು ವೈ.ಡಬ್ಲ್ಯೂ.ಸಿ.ಎ. ಹಾಸ್ಟೆಲಿನಲ್ಲಿ ಸ್ಥಳ ದೊರೆಯುವದೋ ಎಂದು ಮೊದಲೇ ಬರೆದು ಕೇಳುವದು ಒಳ್ಳೆಯದು.

ಶಾಲೆಯ ಕಚೇರಿಯಲ್ಲಿ ನಾವು ಒಂದು ಪುಸ್ತಕವನ್ನು ತೆರೆದಿದ್ದೇವೆ. ಪರಸ್ಥಳದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ತಮ್ಮ ಊರು, ತಾವು ಹೋಗುವ ಸಭೆ, ಆರಾಧನೆಯ ವೇಳೆ, ಹೊಸದಾಗಿ ಬರುವ ಹುಡುಗಿಯನ್ನು ಮೊದಲನೆಯ ಆದಿತ್ಯವಾರ ಜೊತೆಗೆ ಕರೆದೊಯ್ಯಲು ತಮಗೆ ಅನುಕೂಲವುಂಟೋ ಇಲ್ಲವೋ, ಇಷ್ಟನ್ನು ಬರೆದು ಕಳಿಸಬೇಕೆಂದು ಕೋರುತ್ತೇವೆ. ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಯಾರಿಗೂ ಕೊಡುವದಿಲ್ಲ. ಈ ವರ್ಷ ನೌಕರಿಗೆ ಹೊರಡುವವರ ತಾಯಿತಂದೆಗಳು, ಹೊರಡುವ ವಾರವಲ್ಲ, ಆದೇಶ ಬಂದ ವಾರವೇ ಬಂದು ಪುಸ್ತಕವನ್ನು ನೋಡಬಹುದು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾವು ಕಚೇರಿಯಲ್ಲಿಯೇ ಇರುತ್ತೇವೆ.