ಪಕ್ಕದ ಸೀಟಿನಲ್ಲಿ ಕೂತವರು ಯಾರು? ಮಡಕಶಿರ, ರಾಯದುರ್ಗದಿಂದ ಕರಾವಳಿಯ ಕಾಲೇಜುಗಳಿಗೆ ಒಂದು ಪ್ರಶ್ನೆ

ಜೂನ್ ತಿಂಗಳ ಒಂದು ಸಂಜೆ. ಹೊರಗೆ ಜೋರು ಮಳೆ, ಅಂಗಡಿಯಲ್ಲಿ ಗಿರಾಕಿ ಇಲ್ಲ. ಮಡಕಶಿರದಿಂದ ಗೆಳೆಯನ ಫೋನ್ ಬಂತು. "ಅಕ್ಕನ ಮಗಳಿಗೆ ಮಂಗಳೂರಲ್ಲಿ ಬಿ.ಕಾಂ. ಸೀಟು ಸಿಕ್ಕಿದೆ ಕಣೋ. ಹಾಸ್ಟೆಲ್ ಫಾರ್ಮಲ್ಲಿ ಲೋಕಲ್ ಗಾರ್ಡಿಯನ್ ಅಂತ ಒಂದು ಕಾಲಂ ಇದೆ. ನಿನ್ನ ಹೆಸರು ಬರೀಲಾ?"

ನಾನು ಕೂಡಲೇ ಹೌದು ಅನ್ನಲಿಲ್ಲ. "ಮನೆಯಲ್ಲಿ ಕೇಳಿ ಹೇಳ್ತೇನೆ" ಅಂತ ಫೋನ್ ಇಟ್ಟೆ. ಹೇಳಲು ನಾಚಿಕೆಯಾಗುತ್ತದೆ. ಅವನು ಹಿಂದೂ, ನಾನು ಬ್ಯಾರಿ. ಹಿಂದೂ ಹುಡುಗಿಯ ಫಾರ್ಮಿನಲ್ಲಿ ಮುಸ್ಲಿಂ ಗಂಡಸಿನ ಹೆಸರು, ಮೊಬೈಲ್ ನಂಬರ್ ಕಂಡರೆ ಇವತ್ತಿನ ಕರಾವಳಿಯಲ್ಲಿ ಯಾರು ಏನು ಹೇಳಿಯಾರು? ನಾಳೆ ಏನಾದರೂ ಗಲಾಟೆಯಾದರೆ ನನ್ನ ಅಂಗಡಿಯ ಗತಿ ಏನು? ಹದಿನೈದು ವರ್ಷದ ಗೆಳೆತನದ ಎದುರು ಇಂಥ ಲೆಕ್ಕವೆಲ್ಲ ತಲೆಯಲ್ಲಿ ಓಡಿತು.

ಆ ಗೆಳೆತನ ಶುರುವಾದದ್ದು ಹಾಜರಿ ಪುಸ್ತಕದಿಂದ. ನಮ್ಮಿಬ್ಬರ ಹೆಸರು ಒಂದೇ ಅಕ್ಷರದಿಂದ ಶುರು, ರೋಲ್ ನಂಬರ್ ಒಂದರ ಹಿಂದೆ ಒಂದು. ಪರೀಕ್ಷೆಗೂ ಅಕ್ಕಪಕ್ಕ, ಪ್ರಾಜೆಕ್ಟಿಗೂ ಒಂದೇ ಗುಂಪು. ಅವನಿಗೆ ತುಳು ಬರುತ್ತಿರಲಿಲ್ಲ, ಅವನ ಕನ್ನಡದಲ್ಲಿ ತೆಲುಗಿನ ರಾಗ. ಮೊದಲ ತಿಂಗಳು ಎಲ್ಲರೂ ನಕ್ಕದ್ದೇ. ಅವನು ನನಗೆ ಕಾಸ್ಟ್ ಅಕೌಂಟಿಂಗ್ ಕಲಿಸಿದ, ನಾನು ಅವನಿಗೆ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಹೇಗೆ ಮಾತಾಡಬೇಕು ಅಂತ ಕಲಿಸಿದೆ. ಶನಿವಾರ ನಮ್ಮ ಮನೆಗೆ ಬಂದರೆ ಉಮ್ಮ ಮಾಡಿದ ಪತ್ತಿರ್ ತಿಂದೇ ಹೋಗುತ್ತಿದ್ದ.

ಡಿಗ್ರಿ ಮುಗಿಸಿ ನಾನು ಅಂಗಡಿ ಹಾಕಿದಾಗ ಕೈಯಲ್ಲಿ ಬಂಡವಾಳ ಇರಲಿಲ್ಲ. ರಾಯದುರ್ಗದಲ್ಲಿ ಅವನ ಸೋದರಮಾವನ ಒಂದು ಹೊಲಿಗೆ ಯೂನಿಟ್ ಇತ್ತು. ಬಳ್ಳಾರಿಯ ಹಾಗೆ ರಾಯದುರ್ಗವೂ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಗೆಳೆಯನ ಒಂದು ಮಾತಿನ ಮೇಲೆ ಆ ಹಿರಿಯರು ಅರುವತ್ತು ಪ್ಯಾಂಟ್ ಸಾಲಕ್ಕೆ ಕೊಟ್ಟರು. ಚೆಕ್ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ಕಾಮರ್ಸ್ ಓದಿದ ನನಗೆ ಬ್ಯಾಲೆನ್ಸ್ ಶೀಟಿನಲ್ಲಿ ಗುಡ್‌ವಿಲ್ ಎಂಬ ಪದ ಪಾಠವಾಗಿತ್ತು. ಅದು ಏನೆಂದು ಅರ್ಥವಾದದ್ದು ಅವತ್ತು.

ಕಾಲೇಜು ಎಂದರೆ ಮಾರ್ಕು, ಫೀಸು, ಕ್ಯಾಂಪಸ್ ಸೆಲೆಕ್ಷನ್ ಅಷ್ಟೇ ಎಂದು ನಮ್ಮ ಹೆತ್ತವರು ಲೆಕ್ಕ ಹಾಕುತ್ತಾರೆ. ಗೆಳೆಯರು ಅಂದರೆ ಟೈಂಪಾಸ್, ಇಲ್ಲವೇ ಅಪಾಯ. ನನ್ನ ಅನುಭವದಲ್ಲಿ, ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ಕೋರ್ಸ್ ಮುಗಿಸುತ್ತಾರೋ ಅರ್ಧಕ್ಕೆ ಬಿಡುತ್ತಾರೋ ಎನ್ನುವುದನ್ನು ಪಕ್ಕದಲ್ಲಿ ಕೂತವರೇ ಅರ್ಧ ತೀರ್ಮಾನ ಮಾಡುತ್ತಾರೆ.

ಗಡಿ ಊರಿನ ಮಕ್ಕಳನ್ನು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರವೂ ಅದೇ ಜಿಲ್ಲೆಯಲ್ಲಿತ್ತು. 2022ರ ಏಪ್ರಿಲ್ 4ರಿಂದ ಅದು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿ ದಾಟಿದರೆ ಪಾವಗಡ, ಶಿರಾ, ಮಧುಗಿರಿ. ಅನಂತಪುರದ ವಿಶ್ವವಿದ್ಯಾಲಯಕ್ಕೂ ಕೃಷ್ಣದೇವರಾಯನ ಹೆಸರು, ಬಳ್ಳಾರಿಯದಕ್ಕೂ ಅವನದೇ ಹೆಸರು. ರಾಜ ಒಬ್ಬನೇ, ಆದರೆ ವಿದ್ಯಾರ್ಥಿಗಳ ಸರ್ಟಿಫಿಕೇಟ್ ಮಾತ್ರ ಗಡಿ ದಾಟುವಾಗ ಹೊರ ರಾಜ್ಯದ್ದಾಗಿಬಿಡುತ್ತದೆ.

ಹೋದ ಸಲ ಸ್ಟಾಕ್ ತರಲು ರಾಯದುರ್ಗಕ್ಕೆ ಹೋದಾಗ ಬಂಡಲ್ ಕಟ್ಟಲು ಒಬ್ಬ ಹುಡುಗ ಬಂದಿದ್ದ. ಬಳ್ಳಾರಿಯಲ್ಲಿ ಡಿಗ್ರಿ ಓದುತ್ತಾನೆ, ರಜೆಯಲ್ಲಿ ಕೆಲಸ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತೆಲುಗು, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಇದು ಹೊಸದಲ್ಲ. ಕಾಲೇಜು ಹೇಗಿದೆ ಅಂತ ಕೇಳಿದೆ. "ಅನಂತಪುರಕ್ಕೆ ಹೋದ್ರ ಕನ್ನಡದವ್ನು ಅಂತಾರ, ಬಳ್ಳಾರಿಗೆ ಹೋದ್ರ ಆಂಧ್ರದವ್ನು ಅಂತಾರ ಭಾಯ್. ಮೊದಲ್ನೇ ಸೆಮಿಸ್ಟರ್ ಬಿಟ್ಟೇ ಬಿಡ್ತಿದ್ದೆ. ಬಸ್ಸಿನಾಗ ನಾಕು ಮಂದಿ ಜೊತೆ ಆದ್ರು, ಅದಕ್ಕ ಉಳಕಂಡೆ."

ಅವನು ಲೆಕ್ಚರರ್ ಬಗ್ಗೆ ಹೇಳಲಿಲ್ಲ, ಲೈಬ್ರರಿ ಬಗ್ಗೆ ಹೇಳಲಿಲ್ಲ, ಬಸ್ಸಿನ ಬಗ್ಗೆ ಹೇಳಿದ. ದಿನಾ ಓಡಾಡುವ ವಿದ್ಯಾರ್ಥಿಗೆ ಬಸ್ಸೇ ಕ್ಯಾಂಪಸ್. ನೋಟ್ಸ್ ಕೈ ಬದಲಾಗುವುದು ಅಲ್ಲಿ, ಸ್ಕಾಲರ್‌ಶಿಪ್ ಕೊನೆ ದಿನಾಂಕ ಗೊತ್ತಾಗುವುದು ಅಲ್ಲಿ. ಆದರೆ ಬಸ್ಸಿಗೂ ಗಡಿ ಇದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಈ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿದೆ. ಆಂಧ್ರ 2025ರ ಆಗಸ್ಟ್ 15ರಿಂದ ಸ್ತ್ರೀ ಶಕ್ತಿ ಹೆಸರಿನಲ್ಲಿ ಅದನ್ನೇ ತನ್ನ ರಾಜ್ಯದೊಳಗೆ ಕೊಟ್ಟಿದೆ. ಮಡಕಶಿರದಿಂದ ಪಾವಗಡಕ್ಕೋ ಶಿರಾಕ್ಕೋ ಓದಲು ಹೋಗುವ ಹುಡುಗಿ ಗಡಿ ದಾಟಿದ ಮೇಲೆ ಟಿಕೆಟ್ ತೆಗೆಯಬೇಕು, ಪಕ್ಕದಲ್ಲಿ ಕೂತ ಸಹಪಾಠಿ ಆಧಾರ್ ತೋರಿಸಿದರೆ ಸಾಕು. ತುಮಕೂರು–ರಾಯದುರ್ಗ ನಡುವೆ 207 ಕಿ.ಮೀ. ರೈಲು ಮಾರ್ಗ 2007-08ರಲ್ಲೇ ಮಂಜೂರಾದದ್ದು, ಮಡಕಶಿರ, ಪಾವಗಡ ದಾರಿಯಾಗಿ. ಅಷ್ಟು ವರ್ಷವಾದರೂ ಪೂರ್ತಿಯಾಗಿಲ್ಲ. ಕೊನೆಯ ಬಸ್ಸು ತಪ್ಪಬಾರದು ಎಂದು ನಾಲ್ಕು ಗಂಟೆಗೇ ಓಡುವ ವಿದ್ಯಾರ್ಥಿಗೆ ಕಾಲೇಜ್ ಡೇ ಇಲ್ಲ, ಎನ್.ಎಸ್.ಎಸ್. ಕ್ಯಾಂಪ್ ಇಲ್ಲ, ಕ್ಯಾಂಟೀನ್ ಹರಟೆ ಇಲ್ಲ. ನಮ್ಮ ಊರಿನ ಹೆಣ್ಣುಮಕ್ಕಳ ಕತೆಯೂ ಹೆಚ್ಚುಕಡಿಮೆ ಇದೇ.

ಗೆಳೆತನಕ್ಕೆ ಬೆಲೆ ಕಟ್ಟಲಾಗುವುದಿಲ್ಲ ಅಂತ ಹೇಳುತ್ತೇವೆ. ಅಮೆರಿಕದಲ್ಲಿ ಕಟ್ಟಿದ್ದಾರೆ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತವರ ತಂಡ 7.2 ಕೋಟಿ ಫೇಸ್‌ಬುಕ್ ಬಳಕೆದಾರರ 2,100 ಕೋಟಿ ಗೆಳೆತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡು 2022ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿತು. ಬಡ ಮಕ್ಕಳಿಗೆ ಅನುಕೂಲಸ್ಥ ಮಕ್ಕಳಿಗಿರುವಷ್ಟೇ ಅನುಕೂಲಸ್ಥ ಗೆಳೆಯರು ಸಿಗುವಂಥ ಕಡೆ ಅವರು ಬೆಳೆದರೆ, ದೊಡ್ಡವರಾದಾಗ ಅವರ ಆದಾಯ ಸರಾಸರಿ ಶೇ. 20ರಷ್ಟು ಹೆಚ್ಚುತ್ತದೆ ಎಂದು ಅದು ಅಂದಾಜು ಮಾಡಿತು. ಇನ್ನೊಂದು ಮಾತು ನಮಗೆ ಮುಖ್ಯ. ಬಡವರು-ಶ್ರೀಮಂತರ ನಡುವೆ ಗೆಳೆತನ ಇಲ್ಲದಿರಲು ಅರ್ಧ ಕಾರಣ ಅವರು ಒಂದೇ ಶಾಲೆ ಕಾಲೇಜಿನಲ್ಲಿ ಸೇರದಿರುವುದು. ಉಳಿದ ಅರ್ಧ, ಒಂದೇ ಕಡೆ ಇದ್ದರೂ ಬೆರೆಯದಿರುವುದು. ಅಲ್ಲಿನ ಲೆಕ್ಕ ವರ್ಗದ್ದು, ಧರ್ಮದ್ದಲ್ಲ. ಆದರೆ ಸೀಟು ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎನ್ನುವ ಪಾಠ ನಮಗೂ ಹೊಂದುತ್ತದೆ.

ನಮ್ಮಲ್ಲಿ ಸೀಟು ಸಿಗುವುದೇ ಕಡಿಮೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ದೇಶದ 4.14 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು 19.21 ಲಕ್ಷ, ಅಂದರೆ ಶೇ. 4.6. 2011ರ ಜನಗಣತಿಯಲ್ಲಿ ನಮ್ಮ ಪಾಲು ಶೇ. 14.2. ಕ್ಲಾಸಿನಲ್ಲಿ ಇರುವ ಒಬ್ಬಿಬ್ಬರೂ ಹಿಂದಿನ ಬೆಂಚಿನಲ್ಲಿ ತಮ್ಮಷ್ಟಕ್ಕೆ ಕೂತು ಎದ್ದು ಬಂದರೆ ಅವರಿಗೆ ಡಿಗ್ರಿ ಸಿಗಬಹುದು, ಆಮೇಲಿನ ದಾರಿ ತೋರಿಸುವವರು ಸಿಗುವುದಿಲ್ಲ.

ಕರಾವಳಿಯಲ್ಲಿ ಈ ಬೆಂಚುಗಳು ಬೇರೆಯಾದದ್ದು ಹೇಗೆ? ಒಂದೇ ದಿನದಲ್ಲಿ ಆದದ್ದಲ್ಲ. ಬೇರೆ ಧರ್ಮದ ಸಹಪಾಠಿಗಳು ಒಟ್ಟಿಗೆ ಜ್ಯೂಸ್ ಕುಡಿದರೂ ತಡೆದು ಹೆಸರು ಕೇಳುವ ಗುಂಪುಗಳನ್ನು ನಾವು ವರ್ಷಗಳಿಂದ ನೋಡಿದ್ದೇವೆ. ಮೇಲಿಂದ ಹಿಜಾಬ್ ವಿವಾದ ಬಂತು. ಸರ್ಕಾರದ ಆದೇಶ 2022ರ ಫೆಬ್ರವರಿ 5ರಂದು, ಹೈಕೋರ್ಟ್ ತೀರ್ಪು ಮಾರ್ಚ್ 15ರಂದು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಅಕ್ಟೋಬರ್ 13ರಂದು. ವಾದ ನಡೆದದ್ದು ಬಟ್ಟೆಯ ಬಗ್ಗೆ, ಸಂವಿಧಾನದ ಬಗ್ಗೆ. ನಿನ್ನೆಯವರೆಗೆ ಒಂದೇ ಟಿಫಿನ್ ಡಬ್ಬಿಯಲ್ಲಿ ಉಂಡ ಹುಡುಗಿಯರಲ್ಲಿ ಒಬ್ಬಳು ಗೇಟಿನ ಹೊರಗೆ, ಇನ್ನೊಬ್ಬಳು ಒಳಗೆ ನಿಂತ ಆ ದಿನಗಳಲ್ಲಿ ಎಷ್ಟು ಗೆಳೆತನ ಮುರಿಯಿತು ಎಂಬ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಕೇಸರಿ ಶಾಲು ಹಾಕಿದವರಲ್ಲೂ ಆ ಹುಡುಗಿಯರ ಸಹಪಾಠಿಗಳಿದ್ದರು. ಅಪರಿಚಿತರು ಕೂಗಿದ್ದಕ್ಕಿಂತ ಪಕ್ಕದವರು ಕೂಗಿದ್ದು ಹೆಚ್ಚು ನೋಯಿಸಿತು ಎಂದು ನನ್ನ ಸಂಬಂಧಿಕರ ಮಗಳೇ ಹೇಳಿದ್ದಾಳೆ.

ಇದರ ಹೊಣೆ ಯಾರದೆಂದು ನಮಗೆ ಗೊತ್ತು. ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕಲ್ಲ. ಗಾಯವಾದ ಮೇಲೆ ನಾವು ಹಿಂದೆ ಸರಿದೆವು. "ನಿನ್ನ ಪಾಡಿಗೆ ನೀನು ಹೋಗಿ ಬಾ, ಯಾರ ಸಹವಾಸವೂ ಬೇಡ" ಎನ್ನುವುದು ಈಗ ಬಹಳ ಮನೆಗಳ ಬುದ್ಧಿಮಾತು. ಕ್ಲಾಸಿಗೊಂದು ವಾಟ್ಸ್‌ಆ್ಯಪ್ ಗುಂಪು, ಅದರ ಪಕ್ಕದಲ್ಲಿ "ನಮ್ಮವರ" ಗುಂಪು. ಭಯದಿಂದ ಹೇಳುವ ಮಾತು ಅದು, ನನಗೂ ಆ ಭಯ ಇದೆ. ಇಲ್ಲವಾದರೆ ಗೆಳೆಯನ ಫೋನಿಗೆ ನಾನು ಯಾಕೆ ತಡವರಿಸುತ್ತಿದ್ದೆ?

ನಮ್ಮವರ ಗುಂಪು ಬೇಡ ಅಂತ ನಾನು ಹೇಳುತ್ತಿಲ್ಲ. ನೋಂಬಿನ ತಿಂಗಳಲ್ಲಿ ಒಟ್ಟಿಗೆ ಇಫ್ತಾರ್ ಮಾಡಲು, ಜುಮಾಕ್ಕೆ ಹೋಗಲು, ಮನಸ್ಸು ಕುಗ್ಗಿದಾಗ ಮನೆಭಾಷೆಯಲ್ಲಿ ನಾಲ್ಕು ಮಾತಾಡಲು ಅದು ಬೇಕೇ ಬೇಕು. ಅದು ಮಳೆಗೆ ನಿಲ್ಲುವ ಚಾವಡಿಯ ಹಾಗೆ. ಆದರೆ ಮೂರು ವರ್ಷವೂ ಚಾವಡಿಯಲ್ಲೇ ನಿಂತರೆ ಊರು ನೋಡುವುದು ಯಾವಾಗ? ಹಾಗೆಯೇ ಗೆಳೆಯರೆಲ್ಲ ಒಳ್ಳೆಯವರೆಂದೂ ಅಲ್ಲ. ಡ್ರಗ್ಸ್, ಆನ್‌ಲೈನ್ ಬೆಟ್ಟಿಂಗ್ ಮಕ್ಕಳ ಕೈಗೆ ಬರುವುದೂ ಹೆಚ್ಚಾಗಿ ಗೆಳೆಯರ ಮೂಲಕವೇ. ನಮ್ಮವನು ಎಂಬ ಕಾರಣಕ್ಕೆ ಒಬ್ಬ ಒಳ್ಳೆಯವನಾಗುವುದಿಲ್ಲ, ಬೇರೆಯವನು ಎಂಬ ಕಾರಣಕ್ಕೆ ಕೆಟ್ಟವನೂ ಆಗುವುದಿಲ್ಲ.

ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆ ಸಂಬಂಧಿಸಿ ಆಂಧ್ರದಲ್ಲೇ ಒಂದು ಪಾಠ ಇದೆ. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್ ಪಡೆಯುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ 15 ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಕೌನ್ಸೆಲರ್ ಇರಬೇಕು, ಮಾರ್ಕಿನ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು ಎನ್ನುವುದು ಅದರಲ್ಲಿದೆ. ನಮ್ಮ ಸಂಘಟನೆಗಳು ನಡೆಸುವ ವಿದ್ಯಾಸಂಸ್ಥೆಗಳು ಈ ಎರಡನ್ನು ಇವತ್ತೇ ಪಾಲಿಸಬಹುದು.

ಇನ್ನು ಕೆಲವು ಕೆಲಸಕ್ಕೆ ಕೋರ್ಟ್ ಆದೇಶ ಬೇಡ. ಮೊದಲ ಸೆಮಿಸ್ಟರಿನಲ್ಲಾದರೂ ರೋಲ್ ನಂಬರ್ ಪ್ರಕಾರ ಕೂರಿಸಿ, ಪ್ರಾಜೆಕ್ಟ್ ಗುಂಪನ್ನು ಲೆಕ್ಚರರ್‌ಗಳೇ ಮಾಡಲಿ. ಸ್ಕಾಲರ್‌ಶಿಪ್ ಕೊಡುವ ಜಮಾಅತ್‌ಗಳು ಚೆಕ್ಕಿನ ಜೊತೆಗೆ ಅದೇ ಕಾಲೇಜಿನಲ್ಲಿ ಓದಿ ಮುಗಿಸಿದ ಒಬ್ಬ ಸೀನಿಯರ್‌ನ ಫೋನ್ ನಂಬರನ್ನೂ ಕೊಡಲಿ. ಎರಡೂ ರಾಜ್ಯಗಳು ಕೂತು ಮಾತಾಡಿ ಗಡಿ ದಾಟಿ ಓದುವ ಹುಡುಗಿಯರಿಗೆ ಒಂದು ವಿದ್ಯಾರ್ಥಿ ಪಾಸ್ ಕೊಡಲಿ. ಹೆತ್ತವರು ಸಂಜೆ "ಎಷ್ಟು ಮಾರ್ಕು" ಅಂತ ಕೇಳುವ ಮೊದಲು "ಇವತ್ತು ಯಾರ ಜೊತೆ ಊಟ ಮಾಡಿದೆ" ಅಂತ ಕೇಳಲಿ.

ಫೋನ್ ವಿಷಯಕ್ಕೆ ಬರುತ್ತೇನೆ. ರಾತ್ರಿ ಹೆಂಡತಿಗೆ ಹೇಳಿದಾಗ ಅವಳು ಒಂದೇ ಮಾತು ಕೇಳಿದಳು: "ಆ ಮಗುವಿಗೆ ನಡುರಾತ್ರಿ ಜ್ವರ ಬಂದರೆ ಅವಳು ಮಡಕಶಿರಕ್ಕೆ ಫೋನ್ ಮಾಡಬೇಕಾ? ನಿಮ್ಮ ಹೆಸರಿನ ಜೊತೆ ನನ್ನದೂ ಹಾಕಲಿಕ್ಕೆ ಹೇಳಿ." ಇಬ್ಬರೂ ಹೋಗಿ ಸಹಿ ಹಾಕಿದೆವು. ಸಂಬಂಧ ಎಂಬ ಕಾಲಂ ಇತ್ತು. "ಮಾವನ ಕಾಲೇಜು ಗೆಳೆಯ" ಎಂದು ಬರೆದೆ. ಗುಮಾಸ್ತರು ಫಾರ್ಮನ್ನು ಎರಡು ಸಲ ನೋಡಿದರು, ಆಮೇಲೆ ಸೀಲ್ ಹೊಡೆದರು.

ಮೊದಲ ಭಾನುವಾರ ಹುಡುಗಿ ಮನೆಗೆ ಬಂದಳು. ಫ್ರೆಂಡ್ಸ್ ಆದರಾ ಅಂತ ಕೇಳಿದೆ. "ಇನ್ನೂ ಯಾರೂ ಇಲ್ಲ ಮಾವ. ಎಲ್ಲರೂ ತುಳುನಲ್ಲೇ ಮಾತಾಡ್ತಾರೆ. ನಾನು ಬಾಯಿ ಬಿಟ್ಟರೆ ನಗ್ತಾರೆ" ಅಂದಳು. ಅವಳ ಮಾವನೂ ಹದಿನೈದು ವರ್ಷದ ಹಿಂದೆ ಇದನ್ನೇ ಹೇಳಿದ್ದ.

ಇದನ್ನು ಓದುವ ತಂಗಿಯರೇ, ತಮ್ಮಂದಿರೇ, ನಿಮ್ಮ ಕ್ಲಾಸಿನಲ್ಲೂ ಹೀಗೆ ಬೇರೆ ಊರಿನ ಕನ್ನಡ ಮಾತಾಡುತ್ತ ಒಬ್ಬರೇ ಊಟ ಮಾಡುವವರು ಇರಬಹುದು. ನಾಳೆ ನಿಮ್ಮ ಬುತ್ತಿ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತುಕೊಳ್ಳಿ.