ಲಂಡನ್ ಡೈರಿ – 14: ‘ತಾತ್ಕಾಲಿಕ’ ಅಂದ್ರೆ ಎಷ್ಟು ದಿನ?

ನೈಟ್ ಡ್ಯೂಟಿ ಮುಗಿಸಿ, ಚಿತ್ರಾನ್ನ ತಿಂದು, ಮಲಗೋ ಮುಂಚೆ ಬರೀತಿದ್ದೀನಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ಸಲ ‘ನಾನು ದಿನಾ ಚರಂಡಿಯಲ್ಲಿ ಡ್ಯೂಟಿಗೆ ಹೋಗ್ತೀನಿ’ ಅಂತ ಬರೆದಿದ್ದಕ್ಕೆ ಚಿಕ್ಕಪ್ಪ ಗಾಬರಿಯಾಗಿ ಫೋನ್ ಮಾಡಿದ್ರು. ಚಿಕ್ಕಪ್ಪ, ಅದು ವಾಟರ್‌ಲೂ ಆ್ಯಂಡ್ ಸಿಟಿ ಅನ್ನೋ ಸುರಂಗ ರೈಲು. ಇಲ್ಲಿಯವರು ತಮಾಷೆಗೆ ‘ಡ್ರೈನ್’ ಅಂತಾರೆ. 1898ರಿಂದ ಇದೆ. ಎರಡೇ ಸ್ಟೇಷನ್: ವಾಟರ್‌ಲೂ ಮತ್ತು ಬ್ಯಾಂಕ್. ಥೇಮ್ಸ್ ನದಿಯ ಅಡಿಯಲ್ಲಿ ಎರಡೂವರೆ ಕಿಲೋಮೀಟರ್‌ಗಿಂತ ಕಮ್ಮಿ, ನಾಲ್ಕು ನಿಮಿಷದ ದಾರಿ. ಬೇರೆ ಯಾವ ಲೈನಿಗೂ ಇದರ ಹಳಿ ಸೇರಿಲ್ಲ. ಬೋಗಿ ಹೊರಗೆ ತೆಗೀಬೇಕಂದ್ರೆ ಬಾವಿಯಿಂದ ಕೊಡ ಎತ್ತಿದ ಹಾಗೆ ಕ್ರೇನ್‌ನಲ್ಲಿ ಎತ್ತಬೇಕು.

ಈ ಪುಟ್ಟ ರೈಲನ್ನ 2020ರ ಮಾರ್ಚ್ 20ರಂದು ನಿಲ್ಲಿಸಿದ್ರು. ಕೊರೋನಾ ಬಂದ ಹೊತ್ತು. ‘ತಾತ್ಕಾಲಿಕ’ ಅಂದ್ರು. ಬ್ಯಾಂಕ್ ಸುತ್ತ ಇರೋದೆಲ್ಲ ದೊಡ್ಡ ದೊಡ್ಡ ಆಫೀಸು. ಅವರೆಲ್ಲ ಮನೇಲಿ ಲ್ಯಾಪ್‌ಟಾಪ್ ತೆರೆದು ಕೂತರು. ನನ್ನ ಕೆಲಸ ಲ್ಯಾಪ್‌ಟಾಪ್‌ನಲ್ಲಿ ಆಗೋದಲ್ಲವಲ್ಲ! ವಾಟರ್‌ಲೂನಲ್ಲಿ ಇಳಿದು, ಬಸ್ಸಿಗೆ ಕಾದು, ಕೆಲವು ದಿನ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆ ಮೇಲೆ ನಡೆದೇ ಹೋಗ್ತಿದ್ದೆ. ಹನ್ನೆರಡೂವರೆ ಗಂಟೆ ಶಿಫ್ಟ್ ಮುಗಿಸಿ, ಮಾಸ್ಕ್ ಒತ್ತಿ ಮೂಗಿನ ಮೇಲೆ ಗಾಯ ಆಗಿ, ರಾತ್ರಿ ಅದೇ ಸೇತುವೆ ವಾಪಸ್ ದಾಟೋವಾಗ ಆ ರೈಲಿನವರನ್ನ ಎಷ್ಟು ಬೈದಿದ್ದೀನೋ ದೇವರಿಗೇ ಗೊತ್ತು.

ಆಮೇಲೆ ಗೊತ್ತಾಯ್ತು, ಅದರ ಡ್ರೈವರ್‌ಗಳನ್ನ ಸೆಂಟ್ರಲ್ ಲೈನಿಗೆ ಹಾಕಿದ್ರಂತೆ. ಆ ಲೈನ್ 74 ಕಿಲೋಮೀಟರ್ ಉದ್ದ, ಊರಾಚೆಯ ಬಡಾವಣೆಗಳವರೆಗೂ ಹೋಗುತ್ತೆ. ನಮ್ಮ ವಾರ್ಡ್ ಗುಡಿಸೋರು, ಅಡುಗೆಯವರು ಆ ಕಡೆಯಿಂದಲೇ ಬರ್ತಿದ್ರು. ಅವರು ನಡೆದು ಬರೋಕಾಗುತ್ತಾ? ಅದೇ ತಿಂಗಳು ನಮ್ಮ ಡೇ ಸರ್ಜರಿ ವಾರ್ಡನ್ನೂ ಮುಚ್ಚಿ ನಮ್ಮನ್ನೆಲ್ಲ ಐಸಿಯುಗೆ ಕಳಿಸಿದ್ರು. ಹರ್ನಿಯಾ ಆಪರೇಷನ್‌ಗೆ ಕಾಯ್ತಿದ್ದವರು ನಮ್ಮನ್ನೂ ಬೈದಿರ್ತಾರೆ. ಅವತ್ತಿಂದ ರೈಲಿನವರನ್ನ ಬೈಯೋದು ಬಿಟ್ಟೆ.

ಹಾಗಾಗಿ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ನನ್ನ ತಕರಾರು ಬೇರೆ. ಪೇಷೆಂಟ್‌ಗೆ ಆಪರೇಷನ್ ಮುಂಚೆ ಊಟ ನಿಲ್ಲಿಸ್ತೀವಿ. ಆದ್ರೆ ಎಷ್ಟು ಗಂಟೆಯಿಂದ, ಯಾಕೆ, ಮತ್ತೆ ಯಾವಾಗ ಕೊಡೋದು ಅಂತ ಚಾರ್ಟ್‌ನಲ್ಲಿ ಬರೀಬೇಕು. ಬರೀದೇ ಇದ್ರೆ ಡ್ಯೂಟಿ ಬದಲಾಗುತ್ತೆ, ಬಂದವರಿಗೆ ಗೊತ್ತಿರಲ್ಲ, ಆ ಅಜ್ಜಿ ಸಂಜೆವರೆಗೂ ಹಸ್ಕೊಂಡೇ ಇರ್ತಾರೆ.

ಡ್ರೈನ್ 2021ರ ಜೂನ್ 21ಕ್ಕೆ ಮತ್ತೆ ಓಡ್ತು. ಹದಿನೈದು ತಿಂಗಳು! ಮೊದಲು ಬೆಳಿಗ್ಗೆ ಸಂಜೆ ಮಾತ್ರ, ನವೆಂಬರ್‌ನಿಂದ ವಾರದ ದಿನಗಳಲ್ಲಿ ಇಡೀ ದಿನ. ಶನಿವಾರ ಮೊದಲು ಇತ್ತು, ಅದು ಮಾತ್ರ ವಾಪಸ್ ಬರಲೇ ಇಲ್ಲ. ಆಫೀಸಿನವರಿಗೆ ಶನಿವಾರ ರಜಾ. ನರ್ಸ್‌ಗೆ, ಗುಡಿಸೋರಿಗೆ ಶನಿವಾರ ಏನು, ಭಾನುವಾರ ಏನು? ಯಾರು ಕೇಳ್ತಾರೋ ಅವರ ರೈಲು ಮೊದಲು ಬರುತ್ತೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಮ್ಮೂರಿನ ಬೆಳಗಿನ ಆರೂಮುಕ್ಕಾಲರ ಬಸ್ಸು ನೆನಪಿದೆಯಾ? ಅದನ್ನೂ ಲಾಕ್‌ಡೌನ್‌ನಲ್ಲೇ ‘ತಾತ್ಕಾಲಿಕವಾಗಿ’ ನಿಲ್ಲಿಸಿದ್ದು. ಇವತ್ತಿಗೂ ಬಂದಿಲ್ಲ. ಈಗಿನ ಹತ್ತು ಗಂಟೆ ಬಸ್ಸಿಗೆ ಹೋದ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯೂ ಬಾಗಿಲಾಚೆ ಇರುತ್ತೆ. ಅಮ್ಮ ನಾಲ್ಕು ತಿಂಗಳಿಂದ ಶುಗರ್ ಚೆಕ್ ಮಾಡಿಸಿಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಹಳೇ ಚೀಟಿ ತೋರಿಸಿ ಮಾತ್ರೆ ತಗೋತಿದ್ರಂತೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಕಾಲಿನ ಬೆರಳ ಹತ್ರ ಹುಣ್ಣು ನೋಡಿ ನನ್ನ ಎದೆ ಧಸಕ್ ಅಂತು. ‘ನಿಂಗೆ ಹೇಳಿದ್ರೆ ಸುಮ್ನೆ ಅಲ್ಲಿ ಅಳ್ತಾ ಕೂರ್ತೀಯ’ ಅಂದ್ರು. ಮಾರನೇ ದಿನವೇ ಅಕ್ಕ ಆಟೋ ಮಾಡಿಕೊಂಡು ಕರ್ಕೊಂಡು ಹೋದಳು. ಈಗ ಡ್ರೆಸಿಂಗ್ ನಡೀತಿದೆ.

ನೀವು ಹೇಳಬಹುದು, ಆ ಬಸ್ಸಲ್ಲಿ ಹತ್ತು ಜನ ಇರ್ತಿರಲಿಲ್ಲ, ಡೀಸೆಲ್ ಖರ್ಚೂ ಹುಟ್ಟಲ್ಲ ಅಂತ. ಇರಬಹುದು. ಆದ್ರೆ ಆ ಹತ್ತು ಜನ ಯಾರು ಅಂತಲೂ ನೋಡಬೇಕಲ್ವಾ? ದಿನಾ ಬೇಡ, ವಾರಕ್ಕೆ ಎರಡು ದಿನ ಬಿಟ್ರೂ ಸಾಕು. ಬಿಡಲ್ಲ ಅಂದ್ರೆ ಅದನ್ನಾದ್ರೂ ಬರೆದು ಕೊಡಲಿ.

ಚಿಕ್ಕಪ್ಪ, ನೀವು ಒಂದು ಅರ್ಜಿ ಬರೀರಿ. ಡಿಪೋಗೂ, ಪಂಚಾಯ್ತಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಮನೆಮನೆಗೆ ಹೋಗಿ ಸಹಿ ಹಾಕಿಸೋ ಕೆಲಸ ನನ್ನ ಸ್ಕೂಲ್ ಗೆಳತಿಯರದ್ದು. ಅಮ್ಮನ ಸಹಿ ಮೊದಲನೇದಿರಲಿ.

ಕಣ್ಣು ಎಳೀತಿದೆ. ಅರ್ಜಿಯ ಫೋಟೋ ಕಳಿಸಿ, ಎದ್ದ ಮೇಲೆ ನೋಡ್ತೀನಿ.